ತಿರುಳ್ಗನ್ನಡದ ತಿರುಕ: ರೆವರೆಂಡ್ ಉತ್ತಂಗಿ ಚನ್ನಪ್ಪನವರು

ನಮ್ಮ ಹಾವೇರಿ ಜಿಲ್ಲೆಯನ್ನು ಅಂಕಿತಗಳ ಸೀಮೆಯೆಂದು ಕರೆದರೆ ತಪ್ಪಾಗಲಾರದು. ರಾಣೇಬೆನ್ನೂರು ತಾಲೂಕಿನ ಚೌಡಯ್ಯದಾನಪುರದೊಡನೆ ಹೆಸರು ಬೆಸೆದಿರುವ ಅಂಬಿಗರ ಚೌಡಯ್ಯನು ಇಷ್ಟದೈವದ ಹೆಸರಿಗೆ ಬದಲಾಗಿ ತನ್ನ ಹೆಸರನ್ನೇ ವಚನಗಳಿಗೆ ಅಂಕಿತವಾಗಿಸಿಕೊಂಡನು. ಬ್ಯಾಡಗಿ ತಾಲೂಕಿನ ಕಾಗಿನೆಲೆಯ ಆದಿಕೇಶವನು ಕನಕದಾಸರ ಕೀರ್ತನೆಗಳಿಗೆ ಅಂಕಿತನಾದನು. ಬ್ಯಾಡಗಿಯ ನೆರೆಯ ಹಿರೇಕೆರೂರು ಸೀಮೆಯ ಅಬಲೂರು, ಮಾಸೂರುಗಳು ಸರ್ವಜ್ಞನೊಡನೆ ಸೇರಿಹೋಗಿವೆ. ಕೃತಿಯ ಕೊನೆಯಲ್ಲಿ ಬರುವ ಒಂದು ಪದವೇ ಇಲ್ಲಿ ಕರ್ತೃವಿನ ಕುರುಹು. ಆದರೆ ಆ ಪದವನ್ನು ಬೇರೆಯವರೂ ಸೇರಿಸಬಲ್ಲರು. ಹಾಗಿರುವಾಗ ಯಾವುದು ಕವಿಯದು, ಯಾವುದು ಅವನ ಹೆಸರಿನಲ್ಲಿ ಬೆಳೆದುದು? ಈ ಪ್ರಶ್ನೆಯ ಬೆನ್ನುಹತ್ತಿ ಬದುಕಿನ ಬಹುಭಾಗವನ್ನು ಸವೆಸಿದವರು ರೆವರೆಂಡ್ ಉತ್ತಂಗಿ ಚನ್ನಪ್ಪನವರು.

ಚನ್ನಪ್ಪನವರು 1881ರ ಅಕ್ಟೋಬರ್ 28ರಂದು ಧಾರವಾಡದಲ್ಲಿ ಜನಿಸಿದರು. ಮಂಗಳೂರಿನಲ್ಲಿ ದೇವಜ್ಞಾನದ ಶಿಕ್ಷಣ ಪಡೆದು ಬಾಸೆಲ್ ಮಿಶನ್ನಿನ ಪಾದ್ರಿಗಳಾದರು. ಅವರು ಯಾವ ವಿಶ್ವವಿದ್ಯಾಲಯದ ಪೀಠದಲ್ಲಿಯೂ ಕುಳಿತವರಲ್ಲ. ಸಾಹಿತ್ಯವು ಅವರಿಗೆ ವೃತ್ತಿಯಾಗಿರಲಿಲ್ಲ, ಪ್ರೀತಿಯಾಗಿತ್ತು. ಧರ್ಮೋಪದೇಶಕ್ಕೆಂದು ಹಳ್ಳಿಗಳನ್ನು ಸುತ್ತುವ ಪಾದ್ರಿಯ ಕಿವಿಗೆ ಮೊದಲು ಬೀಳುವುದು ಆ ಹಳ್ಳಿಯ ಮಾತು. ಉತ್ತರ ಕರ್ನಾಟಕದ ಕಟ್ಟೆಗಳಲ್ಲಿ, ಹೊಲಗಳಲ್ಲಿ, ಪಂಚಾಯಿತಿಗಳಲ್ಲಿ ಆ ಮಾತು ಸರ್ವಜ್ಞನ ತ್ರಿಪದಿಯಾಗಿ ಬರುತ್ತಿತ್ತು. ಅಕ್ಷರವರಿಯದವರೂ ತಮ್ಮ ವಾದಕ್ಕೆ ಸರ್ವಜ್ಞನನ್ನೇ ಪ್ರಮಾಣವಾಗಿ ತರುತ್ತಿದ್ದರು. ಆ ಪ್ರಮಾಣಪುರುಷನ ಮಾತುಗಳೆಲ್ಲ ಒಂದೆಡೆ ಶೋಧಿತವಾಗಿ ದೊರೆಯಬೇಕೆಂಬ ಹಂಬಲದಿಂದ ಅವರು ಓಲೆಗರಿಗಳನ್ನೂ ಕೈಬರಹದ ಪ್ರತಿಗಳನ್ನೂ ಹುಡುಕಿದರು, ಜನರ ಬಾಯಿಂದ ಕೇಳಿ ಬರೆದುಕೊಂಡರು. ಆ ಪರಿಶ್ರಮದ ಫಲವಾಗಿ 1924ರಲ್ಲಿ ಅವರ ಸರ್ವಜ್ಞನ ವಚನಗಳ ಸಂಪುಟವು ಪ್ರಕಟವಾಯಿತು. ಕನ್ನಡಿಗರು ತಮ್ಮ ನಾಲಗೆಯ ಮೇಲಿದ್ದ ಕವಿಯನ್ನು ಗ್ರಂಥರೂಪದಲ್ಲಿ ಕಂಡರು.

ಈ ಕಾರ್ಯ ಎಷ್ಟು ತೊಡಕಿನದೆಂಬುದನ್ನು ಅಧ್ಯಾಪಕ ಬಂಧುಗಳು ಬಲ್ಲರು. ಸರ್ವಜ್ಞನ ಹೆಸರಿನಲ್ಲಿ ಸುಮಾರು 2,000 ತ್ರಿಪದಿಗಳು ಪ್ರಚಾರದಲ್ಲಿವೆ. ತ್ರಿಪದಿಯು ಅಚ್ಚಗನ್ನಡದ ಅಂಶಛಂದಸ್ಸು. ಒಟ್ಟು 11 ಗಣಗಳು. 6ನೆಯದು ಮತ್ತು 10ನೆಯದು ಬ್ರಹ್ಮಗಣ, ಉಳಿದವು ವಿಷ್ಣುಗಣ. ಗಣ ಕೆಟ್ಟಿರುವ ಪದ್ಯವನ್ನು ಕ್ಷೇಪಕವೆಂದು ತೆಗೆದುಹಾಕೋಣವೆಂದರೆ, ಹಾಡುವವರ ಬಾಯಲ್ಲಿ ಕವಿಯ ನಿಜವಾದ ಪದ್ಯವೂ ಸಡಿಲಗೊಳ್ಳಬಹುದು. ಗಣ ಸರಿಯಿದ್ದುದೆಲ್ಲ ಕವಿಯದೇ ಎನ್ನೋಣವೆಂದರೆ, ಬೀಸುವ ಕಲ್ಲಿನ ಮುಂದೆ ಕುಳಿತ ನಮ್ಮ ತಾಯಂದಿರು ಇದೇ ಛಂದಸ್ಸಿನಲ್ಲಿ ಲೀಲಾಜಾಲವಾಗಿ ಹಾಡು ಕಟ್ಟಿದವರು. ಅವರ ಪದವೊಂದರ ತುದಿಗೆ ಸರ್ವಜ್ಞನೆಂಬ ಹೆಸರು ಬಿದ್ದರೆ ಛಂದಸ್ಸು ಅದನ್ನು ತಡೆಯಲಾರದು. ಪದ್ಯದೊಳಗಿನ ವಸ್ತುಗಳ ಸಾಕ್ಷ್ಯವೂ ಹೀಗೆಯೇ. ಬ್ಯಾಡಗಿಯ ಹೆಸರನ್ನು ಲೋಕಕ್ಕೆ ಸಾರಿದ ಒಣಮೆಣಸಿನಕಾಯಿ ಅಮೆರಿಕ ಖಂಡದ ಬೆಳೆ. ಪೋರ್ಚುಗೀಸರು ಬಂದ ಮೇಲೆ ಈ ನಾಡನ್ನು ಸೇರಿತು. ಇಂಥ ವಸ್ತುವಿನ ಹೆಸರು ಬಂದ ಪದ್ಯ ಅದಕ್ಕಿಂತ ಹಳೆಯದಲ್ಲವೆಂದು ಥಟ್ಟನೆ ಹೇಳಬಹುದು. ಆದರೆ ಹಳೆಯ ಪದ್ಯದೊಳಗೆ ಹೊಸ ಪದವೊಂದನ್ನು ಮುಂದಿನವರು ಕೂಡಿಸಿರಲೂಬಹುದು.

ಕವಿಯ ಬಾಳಿನ ಕಥೆಯೂ ಇದೇ ತೊಡಕಿನಲ್ಲಿದೆ. ಮಾಸೂರಿನ ಬಸವರಸ ತಂದೆ, ಅಬಲೂರಿನ ಕುಂಬಾರ ಮಾಳಿ ತಾಯಿ, ಮೊದಲ ಹೆಸರು ಪುಷ್ಪದತ್ತ ಎಂಬ ವೃತ್ತಾಂತಕ್ಕೆ ಅವನ ಅಂಕಿತವುಳ್ಳ ತ್ರಿಪದಿಗಳೇ ಆಧಾರ. ಆ ತ್ರಿಪದಿಗಳೇ ಅವನವು ಹೌದೋ ಅಲ್ಲವೋ ಎಂಬಲ್ಲಿ ವಿದ್ವಾಂಸರಿಗೆ ಭಿನ್ನಾಭಿಪ್ರಾಯವಿದೆ. ಕಾಲದ ವಿಷಯದಲ್ಲಿಯೂ 16ನೆಯ ಶತಮಾನವೆನ್ನುವವರಿದ್ದಾರೆ, 17ನೆಯದೆನ್ನುವವರಿದ್ದಾರೆ. ತೆಲುಗಿನಲ್ಲಿ ವೇಮನನ ಪದ್ಯಗಳಿಗೂ ಇದೇ ಗತಿ ಒದಗಿತ್ತು. ಅವನ್ನು ಸಂಗ್ರಹಿಸಿ 1829ರಲ್ಲಿ ಅಚ್ಚು ಹಾಕಿಸಿದ ಸಿ. ಪಿ. ಬ್ರೌನ್ ಕೂಡ ವೃತ್ತಿಯಿಂದ ಕಂಪನಿ ಸರಕಾರದ ಅಧಿಕಾರಿ, ಪ್ರವೃತ್ತಿಯಿಂದ ಸಾಹಿತ್ಯಾಸಕ್ತ.

ಚನ್ನಪ್ಪನವರ ಆಸಕ್ತಿ ಸರ್ವಜ್ಞನಲ್ಲಿಯೇ ನಿಲ್ಲಲಿಲ್ಲ. ಅವರು ಶಿವಶರಣರ ವಚನಗಳ ಸಂಪಾದನೆಗೆ ಕೈಹಾಕಿದರು. ಸಿದ್ಧರಾಮ, ಆದಯ್ಯ, ಮೋಳಿಗೆ ಮಾರಯ್ಯ, ಆತನ ಪತ್ನಿ ಮಹಾದೇವಿ ಇವರ ಸಾಹಿತ್ಯಕ್ಕಾಗಿ ದುಡಿದರು. ಈ ಕ್ಷೇತ್ರದಲ್ಲಿ ಎಷ್ಟು ಎಚ್ಚರ ಬೇಕೆಂಬುದಕ್ಕೆ ಈ ದಂಪತಿಗಳೇ ನಿದರ್ಶನ. ಮಾರಯ್ಯನ ಅಂಕಿತ ನಿಃಕಳಂಕ ಮಲ್ಲಿಕಾರ್ಜುನ; ಮಹಾದೇವಿಯದು ಎನ್ನಯ್ಯಪ್ರಿಯ ಇಮ್ಮಡಿ ನಿಃಕಳಂಕ ಮಲ್ಲಿಕಾರ್ಜುನ. ಲಿಪಿಕಾರನ ಲೇಖನಿ ಮೊದಲೆರಡು ಪದಗಳನ್ನು ಬಿಟ್ಟರೆ ಹೆಂಡತಿಯ ವಚನ ಗಂಡನದಾಗುತ್ತದೆ. ಒಬ್ಬ ಶರಣೆಯ ಅನುಭಾವವೇ ಲೆಕ್ಕದಿಂದ ಅಳಿಸಿಹೋಗುತ್ತದೆ. ಕರ್ತೃವಿಚಾರವು ಪಂಡಿತರ ಒಣ ಜಗಳವೆಂದು ಭಾವಿಸುವವರು ಇದನ್ನು ನೆನೆಯಬೇಕು.

ಅನುಭವ ಮಂಟಪವೆಂಬುದು ನಿಜವಾಗಿ ಇದ್ದಿತೇ ಎಂಬ ಸಂದೇಹ ವಿದ್ವದ್ವಲಯದಲ್ಲಿ ತಲೆದೋರಿದಾಗ, ಅದರ ಐತಿಹಾಸಿಕತೆಯನ್ನು ಪ್ರತಿಪಾದಿಸಿ ಒಂದು ಗ್ರಂಥವನ್ನೇ ರಚಿಸಿದವರು ಈ ಕ್ರೈಸ್ತ ಪಾದ್ರಿಗಳು. ಸ್ವಧರ್ಮದಲ್ಲಿ ಅವರದು ಅಚಲ ನಿಷ್ಠೆ. ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ ಎಂಬ ಕೃತಿಯ ಹೆಸರೇ ಅದನ್ನು ಹೇಳುತ್ತದೆ. ಆದರೂ ಪರರ ಮನೆಯ ನಿಧಿಯನ್ನು ತಮ್ಮದೆಂಬಂತೆ ಕಾಯ್ದರು. ಸಂದೇಹಪಟ್ಟವರನ್ನು ದ್ರೋಹಿಗಳೆನ್ನದೆ, ಸಂದೇಹಕ್ಕೆ ಆಧಾರಗಳಿಂದಲೇ ಉತ್ತರ ಕೊಡಬೇಕೆಂಬ ದಾರಿಯನ್ನು ಹಿಡಿದರು. ಶರಣರಲ್ಲಿ ಭಕ್ತಿಯುಳ್ಳ ನಾವು ಈ ವಿಷಯದಲ್ಲಿ ಅವರಿಂದ ಕಲಿಯಬೇಕಾದುದು ಬಹಳವಿದೆ.

1949ರಲ್ಲಿ ಕಲಬುರಗಿಯಲ್ಲಿ ನೆರೆದ 32ನೆಯ ಕನ್ನಡ ಸಾಹಿತ್ಯ ಸಮ್ಮೇಳನವು ಅವರನ್ನು ಅಧ್ಯಕ್ಷಪೀಠಕ್ಕೆ ಬರಮಾಡಿಕೊಂಡಿತು. ನಿಜಾಮನ ಆಳಿಕೆ ಮುಗಿದು ಒಂದು ವರ್ಷವೂ ಸರಿಯಾಗಿ ಕಳೆದಿರದ ಆ ನಾಡಿನಲ್ಲಿ ಅದು ಕನ್ನಡಕ್ಕೆ ಸಂದ ಗೌರವವೂ ಆಗಿತ್ತು. ತಿರುಳ್ಗನ್ನಡದ ತಿರುಕನೆಂದೇ ಹೆಸರಾದ ಅವರು 1962ರಲ್ಲಿ ದೇಹವಿಟ್ಟರು. 2009ರಲ್ಲಿ ಬೆಂಗಳೂರಿನಲ್ಲಿ ತಿರುವಳ್ಳುವರ್ ಪ್ರತಿಮೆ, ಚೆನ್ನೈಯಲ್ಲಿ ಸರ್ವಜ್ಞನ ಪ್ರತಿಮೆ ಅನಾವರಣಗೊಂಡಾಗ, ಆ ಮೆರವಣಿಗೆಯ ಹಿಂದೆ ಓಲೆಗರಿ ಹುಡುಕಿ ಅಲೆದ ಪಾದ್ರಿಯ ಹೆಜ್ಜೆಗಳೂ ಇದ್ದವು.

ಇಂದು ನಮ್ಮ ಶಾಲೆಯ ಗೋಡೆಗಳ ಮೇಲೆ ವಚನಗಳನ್ನು ಬರೆಯಿಸುತ್ತೇವೆ, ಮಕ್ಕಳಿಂದ ತ್ರಿಪದಿಗಳನ್ನು ಕಂಠಪಾಠ ಮಾಡಿಸುತ್ತೇವೆ, ಸಭೆಗಳಲ್ಲಿ ಇಷ್ಟಬಂದ ಮಾತಿಗೆ ಬಸವಣ್ಣನ ಅಥವಾ ಸರ್ವಜ್ಞನ ಹೆಸರನ್ನು ಹಚ್ಚಿಬಿಡುತ್ತೇವೆ. ಮಾತು ಒಳ್ಳೆಯದಿದ್ದರಾಯಿತು, ಯಾರದಾದರೇನು ಎಂಬುದು ಭಕ್ತಿಯಂತೆ ತೋರುವ ಉದಾಸೀನ. ಬರೆಯಿಸುವ ಮುನ್ನ ಸಂಪುಟವನ್ನೊಮ್ಮೆ ತೆರೆದು ನೋಡುವ ಅಭ್ಯಾಸವನ್ನು ಗುರುಗಳೂ ಮಕ್ಕಳೂ ಬೆಳೆಸಿಕೊಂಡರೆ, ಅದೇ ಚನ್ನಪ್ಪನವರಿಗೆ ಈ ವಿದ್ಯಾಸಂಸ್ಥೆಯು ಸಲ್ಲಿಸುವ ನಿಜವಾದ ನಮನವಾದೀತು.