ಗದ್ದಲದ ಜಾಡು ಹಿಡಿದ ಕಾರ್ಲ್ ಜಾನ್‌ಸ್ಕಿ

ಮಳೆಗಾಲದ ಸಂಜೆ ಮಧ್ಯಮ ತರಂಗದ ರೇಡಿಯೊ ಕೇಳಿದ್ದೀರಾ? ದೂರದಲ್ಲಿ ಎಲ್ಲೋ ಮಿಂಚಿದರೆ ಸಾಕು, ವಾರ್ತೆಯ ನಡುವೆ ರೇಡಿಯೊ ಚರ್ ಚರ್ ಎನ್ನುತ್ತದೆ. ಮಿಂಚಿನಿಂದ ಬೆಳಕು ಮಾತ್ರವಲ್ಲ, ರೇಡಿಯೊ ಅಲೆಗಳೂ ಹೊರಡುತ್ತವೆ. ಇದು ವಾರ್ತೆ, ಇದು ಮಿಂಚು ಎಂಬ ಭೇದ ಆಂಟೆನಾಕ್ಕೆ ತಿಳಿಯದು. ತನ್ನ ಬಳಿ ಬಂದ ಅಲೆಗಳನ್ನೆಲ್ಲ ಅದು ರೇಡಿಯೊಗೆ ದಾಟಿಸಿಬಿಡುತ್ತದೆ. ಹತ್ತಿರದಲ್ಲಿ ಬಲವಾದ ಪ್ರಸಾರ ನಿಲಯವಿದ್ದರೂ ಇದೇ ಪಾಡು. ದೂರದ ನಿಲಯದ ಸಣ್ಣ ದನಿ ಅದರ ಅಬ್ಬರದಲ್ಲಿ ಮುಚ್ಚಿಹೋಗುತ್ತದೆ. ನಮಗೆ ಬೇಡದಿದ್ದರೂ ಬರುವ ಇಂಥ ಸದ್ದನ್ನು ಗದ್ದಲ ಎನ್ನೋಣ.

ಈ ಗದ್ದಲವನ್ನು ಅಳೆಯುವುದೇ ಒಬ್ಬ ತರುಣನ ನೌಕರಿಯಾಗಿತ್ತು. ಆ ನೌಕರಿಯಿಂದ ಖಗೋಳ ವಿಜ್ಞಾನದ ಹೊಸ ಶಾಖೆಯೊಂದು ಹುಟ್ಟಿತು. ಆತನೇ ಕಾರ್ಲ್ ಜಾನ್‌ಸ್ಕಿ.

ಜಾನ್‌ಸ್ಕಿ ಹುಟ್ಟಿದ್ದು 1905ರ ಅಕ್ಟೋಬರ್ 22ರಂದು, ಅಮೆರಿಕದ ಓಕ್ಲಹೋಮ ಪ್ರಾಂತ್ಯದ ನಾರ್ಮನ್ ಎಂಬ ಊರಿನಲ್ಲಿ. ತಂದೆ ವಿದ್ಯುತ್ ಎಂಜಿನಿಯರಿಂಗ್ ಕಲಿಸುವ ಪ್ರಾಧ್ಯಾಪಕರು. ಅವರು ತಮ್ಮ ಗುರುವಾಗಿದ್ದ ಭೌತವಿಜ್ಞಾನಿಯೊಬ್ಬರ ಹೆಸರನ್ನೇ ಮಗನಿಗೆ ಇಟ್ಟರು. ಅಣ್ಣ ರೇಡಿಯೊ ಎಂಜಿನಿಯರ್ ಆದರು. ಇಂಥ ಮನೆಯಲ್ಲಿ ಬೆಳೆದ ಕಾರ್ಲ್ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಭೌತವಿಜ್ಞಾನ ಓದಿ 1927ರಲ್ಲಿ ಪದವಿ ಪಡೆದರು. ಅವರು ಬರೀ ಪುಸ್ತಕದ ಹುಳುವಾಗಿರಲಿಲ್ಲ. ಮಂಜುಗಡ್ಡೆಯ ಮೇಲೆ ಆಡುವ ಐಸ್ ಹಾಕಿಯಲ್ಲೂ ಟೇಬಲ್ ಟೆನಿಸ್‌ನಲ್ಲೂ ಚುರುಕಾದ ಆಟಗಾರ. ಆದರೆ ಎಳೆಯ ವಯಸ್ಸಿನಲ್ಲೇ ಅವರಿಗೆ ಮೂತ್ರಪಿಂಡದ ಕಾಯಿಲೆ ಅಂಟಿಕೊಂಡಿತು. ಅದು ಕೊನೆಯವರೆಗೂ ಬಿಡಲಿಲ್ಲ.

1928ರಲ್ಲಿ ಅವರು ಬೆಲ್ ಟೆಲಿಫೋನ್ ಪ್ರಯೋಗಾಲಯಕ್ಕೆ ಕೆಲಸ ಕೇಳಿ ಹೋದರು. ಕಾಯಿಲೆಯ ಕಾರಣದಿಂದ ಅವರನ್ನು ಸೇರಿಸಿಕೊಳ್ಳಲು ಅಲ್ಲಿಯವರು ಮೊದಲು ಹಿಂಜರಿದರು. ಕೊನೆಗೆ ಕೆಲಸ ಸಿಕ್ಕಿತು. ನ್ಯೂಯಾರ್ಕಿನ ಗಡಿಬಿಡಿಗಿಂತ ಹಳ್ಳಿಗಾಡು ಆರೋಗ್ಯಕ್ಕೆ ಒಳ್ಳೆಯದೆಂದು ಅವರನ್ನು ನ್ಯೂಜೆರ್ಸಿಯ ಕ್ಲಿಫ್‌ವುಡ್ ಎಂಬಲ್ಲಿಗೆ, ಆಮೇಲೆ ಹತ್ತಿರದ ಹೋಮ್‌ಡೆಲ್‌ಗೆ ಕಳುಹಿಸಿದರು. ಕಾಯಿಲೆ ಇಲ್ಲದಿದ್ದರೆ ಅವರು ನಗರದಲ್ಲೇ ಉಳಿದು ಬೇರೇನೋ ಕೆಲಸ ಮಾಡುತ್ತಿದ್ದರೋ ಏನೋ!

ಆ ಕಾಲದಲ್ಲಿ ಅಟ್ಲಾಂಟಿಕ್ ಸಾಗರದ ಆಚೆಗೆ ಟೆಲಿಫೋನ್ ತಂತಿ ಇರಲಿಲ್ಲ. ನ್ಯೂಯಾರ್ಕಿನಿಂದ ಲಂಡನ್ನಿಗೆ ಮಾತು ರೇಡಿಯೊ ಅಲೆಗಳ ಮೂಲಕವೇ ಹೋಗಬೇಕಿತ್ತು. 1927ರಲ್ಲಿ ಈ ಸೇವೆ ಶುರುವಾದಾಗ ಮೂರು ನಿಮಿಷದ ಮಾತಿಗೆ 75 ಡಾಲರ್ ಶುಲ್ಕ. ಇಷ್ಟು ಹಣ ತೆತ್ತವರ ಕಿವಿಗೆ ಮಾತಿನ ಬದಲು ಚರ್ ಚರ್ ಸದ್ದು ಬಿದ್ದರೆ ಸುಮ್ಮನಿರುತ್ತಾರೆಯೇ? ಈ ಗದ್ದಲ ಎಲ್ಲಿಂದ ಬರುತ್ತದೆ, ಯಾವ ದಿಕ್ಕಿನಿಂದ ಬರುತ್ತದೆ, ಯಾವಾಗ ಹೆಚ್ಚುತ್ತದೆ ಎಂದು ಪತ್ತೆ ಮಾಡುವ ಕೆಲಸ ಜಾನ್‌ಸ್ಕಿಯವರ ಪಾಲಿಗೆ ಬಂತು.

ದಿಕ್ಕು ತಿಳಿಯುವುದು ಹೇಗೆ? ಅಂಗೈಯನ್ನು ಕಿವಿಯ ಹಿಂದೆ ಬಟ್ಟಲಿನಂತೆ ಹಿಡಿದು ನಿಧಾನವಾಗಿ ತಿರುಗಿ ನೋಡಿ. ಸದ್ದು ಬರುವ ಕಡೆಗೆ ತಿರುಗಿದಾಗ ಅದು ಜೋರಾಗಿ ಕೇಳುತ್ತದೆ. ಜಾನ್‌ಸ್ಕಿ ಕಟ್ಟಿದ ಆಂಟೆನಾವೂ ಹಾಗೆಯೇ. ಒಂದು ದಿಕ್ಕಿನ ಅಲೆಗಳನ್ನು ಅದು ಹೆಚ್ಚಾಗಿ ಹಿಡಿಯುತ್ತಿತ್ತು, ಉಳಿದ ದಿಕ್ಕಿನವನ್ನು ಕಡಿಮೆ. ಅದರ ಉದ್ದ ಸುಮಾರು 30 ಮೀಟರ್. ಮರದ ಚೌಕಟ್ಟು, ಅದರ ಮೇಲೆ ಲೋಹದ ಕೊಳವೆಗಳು. ಇಷ್ಟು ದೊಡ್ಡದನ್ನು ತಿರುಗಿಸಲು ಅದರ ಕೆಳಗೆ ಹಳೆಯ ಫೋರ್ಡ್ ಕಾರಿನ ಚಕ್ರಗಳನ್ನು ಜೋಡಿಸಿ ವೃತ್ತಾಕಾರದ ಹಾದಿಯಲ್ಲಿ ನಿಲ್ಲಿಸಿದ್ದರು. ಚಿಕ್ಕ ಮೋಟಾರು ಅದನ್ನು 20 ನಿಮಿಷಕ್ಕೆ ಒಂದು ಸುತ್ತು ಸುತ್ತಿಸುತ್ತಿತ್ತು. ಅಲ್ಲಿಯ ಜನ ಅದಕ್ಕೆ ಜಾನ್‌ಸ್ಕಿಯ ತಿರುಗುಣಿ ಎಂದು ತಮಾಷೆಯ ಹೆಸರಿಟ್ಟಿದ್ದರು. ಜಾತ್ರೆಯಲ್ಲಿ ಮರದ ಕುದುರೆಗಳು ಸುತ್ತುತ್ತವಲ್ಲ, ಅದರ ನೆನಪು!

ಅವರು ಆರಿಸಿಕೊಂಡ ಆವರ್ತಾಂಕ 20.5 ಮೆಗಾಹರ್ಟ್ಸ್. ಅಂದರೆ ಆ ಅಲೆ ಸೆಕೆಂಡಿಗೆ 2 ಕೋಟಿ 5 ಲಕ್ಷ ಬಾರಿ ಕಂಪಿಸುತ್ತದೆ. ರೇಡಿಯೊ ಅಲೆ ಸೆಕೆಂಡಿಗೆ 30 ಕೋಟಿ ಮೀಟರ್ ಸಾಗುತ್ತದೆ. 30 ಕೋಟಿಯನ್ನು 2 ಕೋಟಿ 5 ಲಕ್ಷದಿಂದ ಭಾಗಿಸಿ ನೋಡಿ. 14.6 ಮೀಟರ್ ಎಂಬ ಅಲೆಯುದ್ದ ಸಿಗುತ್ತದೆ. ಇಷ್ಟು ಉದ್ದದ ಅಲೆಯ ದಿಕ್ಕು ಹಿಡಿಯಬೇಕಾದರೆ ಆಂಟೆನಾ ಚಿಕ್ಕದಾಗಿದ್ದರೆ ನಡೆಯದು.

ಆಂಟೆನಾದಿಂದ ಬಂದ ತಂತಿ ಪಕ್ಕದ ಗುಡಿಸಲಿನಂಥ ಕೋಣೆಗೆ ಹೋಗುತ್ತಿತ್ತು. ಅಲ್ಲಿದ್ದ ಲೇಖನಿಯೊಂದು ಗದ್ದಲ ಹೆಚ್ಚಾದಂತೆ ಮೇಲಕ್ಕೆ, ಕಡಿಮೆಯಾದಂತೆ ಕೆಳಕ್ಕೆ ಸರಿಯುತ್ತ ಉರುಳುವ ಕಾಗದದ ಮೇಲೆ ಗೆರೆ ಎಳೆಯುತ್ತಿತ್ತು. ಗೆರೆ ಎಲ್ಲಿ ಏರಿದೆಯೋ ಆಗ ಆಂಟೆನಾ ಯಾವ ದಿಕ್ಕಿಗಿತ್ತು ಎಂದು ನೋಡಿದರೆ ಗದ್ದಲದ ದಿಕ್ಕು ತಿಳಿಯುತ್ತದೆ. ಹೀಗೆ ತಿಂಗಳುಗಟ್ಟಲೆ ಕಾಗದದ ಸುರುಳಿಗಳು ಬೆಳೆದವು.

ಸುರುಳಿಗಳನ್ನು ಓದಿದ ಜಾನ್‌ಸ್ಕಿ ಗದ್ದಲವನ್ನು ಮೂರು ಬಗೆಯಾಗಿ ವಿಂಗಡಿಸಿದರು. ಹತ್ತಿರದ ಗುಡುಗು ಮಿಂಚಿನದು ಒಂದು. ದೂರದ ಮಿಂಚಿನದು ಇನ್ನೊಂದು. ಅದು ವಾಯುಮಂಡಲದ ಮೇಲಣ ಅಯಾನುಗಳ ಪದರದಿಂದ ಪ್ರತಿಫಲಿಸಿ ಬರುವಂಥದ್ದು. ಈ ಎರಡರಲ್ಲಿ ಅಚ್ಚರಿ ಏನಿಲ್ಲ. ಮೂರನೆಯದೇ ಒಗಟು. ಅದು ಬಹಳ ಕ್ಷೀಣವಾಗಿ, ಒಂದೇ ಸಮನೆ ಹಿಸ್ ಎನ್ನುವ ಸದ್ದು. ಚರ್ ಎನ್ನುವುದಿಲ್ಲ, ನಿಲ್ಲುವುದೂ ಇಲ್ಲ.

ಇಂಥ ಸದ್ದು ಕೇಳಿದಾಗ ರೇಡಿಯೊ ತಂತ್ರಜ್ಞರು ಮೊದಲು ಅನುಮಾನಿಸುವುದು ತಮ್ಮ ಯಂತ್ರವನ್ನೇ. ಏಕೆಂದರೆ ಗ್ರಾಹಕ ಯಂತ್ರದ ಒಳಗೂ ಸ್ವಲ್ಪ ಗದ್ದಲ ಹುಟ್ಟುತ್ತದೆ. ಆದರೆ ಯಂತ್ರದೊಳಗಿನ ಗದ್ದಲ ಆಂಟೆನಾ ಎತ್ತ ತಿರುಗಿದರೂ ಒಂದೇ ಸಮ ಇರಬೇಕು. ಈ ಹಿಸ್ ಮಾತ್ರ ಆಂಟೆನಾ ಒಂದು ದಿಕ್ಕಿಗೆ ಬಂದಾಗ ಏರುತ್ತಿತ್ತು, ಆಚೆ ಹೋದಾಗ ಇಳಿಯುತ್ತಿತ್ತು. ಹಾಗಾದರೆ ಅದು ಹೊರಗಿನದೇ. ಪಕ್ಕದ ಊರಿನ ವಿದ್ಯುತ್ ತಂತಿಯೋ ಪ್ರಸಾರ ನಿಲಯವೋ ಇರಬಹುದೇ? ಅವಾದರೆ ಇದ್ದಲ್ಲೇ ಇರುತ್ತವೆ. ಹಿಸ್ ಸದ್ದಿನ ದಿಕ್ಕು ದಿನವಿಡೀ ಬದಲಾಗುತ್ತಿತ್ತು. ಪೂರ್ವದ ಕಡೆಯಿಂದ ದಕ್ಷಿಣಕ್ಕೆ, ದಕ್ಷಿಣದಿಂದ ಪಶ್ಚಿಮಕ್ಕೆ.

ಪೂರ್ವದಿಂದ ಪಶ್ಚಿಮಕ್ಕೆ ಸರಿಯುವುದು ಯಾರು? ಸೂರ್ಯ! 1931ರ ಡಿಸೆಂಬರ್‌ನಲ್ಲಿ ಹಿಸ್ ಬರುತ್ತಿದ್ದ ದಿಕ್ಕೂ ಸೂರ್ಯನ ದಿಕ್ಕೂ ಹೆಚ್ಚು ಕಡಿಮೆ ಒಂದೇ ಆಗಿದ್ದವು. ಸೂರ್ಯನೇ ಮೂಲ ಎಂದು ಜಾನ್‌ಸ್ಕಿ ಭಾವಿಸಿದ್ದರಲ್ಲಿ ತಪ್ಪೇನೂ ಇಲ್ಲ. ಬೇರೆಯವರಾಗಿದ್ದರೆ ಅಷ್ಟಕ್ಕೇ ವರದಿ ಬರೆದು ಮುಗಿಸುತ್ತಿದ್ದರೇನೋ. ಅವರು ಅಳೆಯುವುದನ್ನು ನಿಲ್ಲಿಸಲಿಲ್ಲ. ಜನವರಿ ಕಳೆದು ಫೆಬ್ರವರಿ ಬಂದಾಗ ಹಿಸ್ ಸೂರ್ಯನಿಗಿಂತ ಮುಂಚೆಯೇ ಬರತೊಡಗಿತು. ಮಾರ್ಚ್‌ನಲ್ಲಿ ಇನ್ನೂ ಮುಂಚೆ. ಒಂದು ವರ್ಷದ ಸುರುಳಿಗಳನ್ನು ಹೋಲಿಸಿದಾಗ ಅದು ಸುತ್ತಿ ಬರುವುದು 24 ಗಂಟೆಗಲ್ಲ, 23 ಗಂಟೆ 56 ನಿಮಿಷಕ್ಕೆ ಎಂದು ಗೊತ್ತಾಯಿತು.

ಬರೀ ನಾಲ್ಕು ನಿಮಿಷ! ಈ ನಾಲ್ಕು ನಿಮಿಷವೇ ಒಗಟಿನ ಬೀಗದ ಕೈ. ಅದರ ಅರ್ಥ ಬಿಡಿಸಲು ಖಗೋಳ ವಿಜ್ಞಾನ ಓದಿದ್ದ ಗೆಳೆಯ ಸ್ಕೆಲೆಟ್ ನೆರವಾದರು. ಭೂಮಿ ತನ್ನ ಸುತ್ತ ತಾನು ಒಂದು ಪೂರ್ತಿ ಸುತ್ತು ತಿರುಗಲು ಬೇಕಾದ ಕಾಲ 23 ಗಂಟೆ 56 ನಿಮಿಷ. ಆದರೆ ಅಷ್ಟರಲ್ಲಿ ಭೂಮಿ ಸೂರ್ಯನ ಸುತ್ತಲಿನ ದಾರಿಯಲ್ಲೂ ಸ್ವಲ್ಪ ಮುಂದೆ ಹೋಗಿರುತ್ತದೆ. ಹಾಗಾಗಿ ಸೂರ್ಯ ಮತ್ತೆ ಎದುರಿಗೆ ಬರಲು ಇನ್ನೂ ಸುಮಾರು ಒಂದು ಡಿಗ್ರಿ ತಿರುಗಬೇಕು. ಅದಕ್ಕೆ ನಾಲ್ಕು ನಿಮಿಷ. ನಕ್ಷತ್ರಗಳು ಬಹಳ ದೂರ ಇರುವುದರಿಂದ ಅವುಗಳಿಗೆ ಈ ಹೆಚ್ಚುವರಿ ತಿರುಗಾಟ ಬೇಕಿಲ್ಲ.

ಇದನ್ನು ನೀವೇ ನೋಡಬಹುದು. ರಾತ್ರಿ ಮನೆಯ ಮುಂದೆ ಒಂದೇ ಜಾಗದಲ್ಲಿ ನಿಂತು, ಒಂದು ಹೊಳೆಯುವ ನಕ್ಷತ್ರ ಗೋಡೆಯ ಅಂಚಿನಲ್ಲಿ ಮರೆಯಾಗುವ ಸಮಯ ಬರೆದುಕೊಳ್ಳಿ. 15 ದಿನ ಬಿಟ್ಟು ಅದೇ ಜಾಗದಲ್ಲಿ ನಿಂತು ನೋಡಿ. ಅದು ಸುಮಾರು ಒಂದು ಗಂಟೆ ಮುಂಚೆಯೇ ಮರೆಯಾಗುತ್ತದೆ. ಗ್ರಹಗಳು ತಾವೂ ಚಲಿಸುವುದರಿಂದ ಲೆಕ್ಕ ತಪ್ಪಿಸುತ್ತವೆ. ಮಿನುಗುವ ನಕ್ಷತ್ರವನ್ನೇ ಆರಿಸಿಕೊಳ್ಳಿ.

ಹಿಸ್ ಸದ್ದು ನಕ್ಷತ್ರಗಳ ಗಡಿಯಾರವನ್ನು ಅನುಸರಿಸುತ್ತಿತ್ತು. ಅಂದಮೇಲೆ ಅದು ಭೂಮಿಯದಲ್ಲ, ಸೂರ್ಯನದೂ ಅಲ್ಲ. ಲೆಕ್ಕ ಹಾಕಿದಾಗ ಅದು ಧನು ರಾಶಿಯ ಕಡೆ ಬೊಟ್ಟು ಮಾಡಿತು. ನಮ್ಮ ಆಕಾಶಗಂಗೆಯ ಕೇಂದ್ರ ಇರುವುದು ಆ ದಿಕ್ಕಿನಲ್ಲೇ. ಡಿಸೆಂಬರ್‌ನಲ್ಲಿ ಜಾನ್‌ಸ್ಕಿಯವರಿಗೆ ಸೂರ್ಯನ ಮೇಲೆ ಅನುಮಾನ ಬಂದದ್ದೇಕೆ ಎಂದು ಈಗ ನಿಮಗೂ ಹೊಳೆದಿರಬೇಕು. ಡಿಸೆಂಬರ್ ನಡುವಿನಿಂದ ಸಂಕ್ರಾಂತಿಯವರೆಗಿನ ದಿನಗಳನ್ನು ನಾವು ಧನುರ್ಮಾಸ ಎನ್ನುತ್ತೇವೆ. ಆಗ ಸೂರ್ಯ ಕಾಣುವುದು ಧನು ರಾಶಿಯ ದಿಕ್ಕಿನಲ್ಲೇ!

ಜಾನ್‌ಸ್ಕಿಗೆ ಅದೃಷ್ಟವೂ ಒಲಿದಿತ್ತು ಎನ್ನಬೇಕು. ಸೂರ್ಯನ ಮೇಲಿನ ಕಲೆಗಳು ಸುಮಾರು 11 ವರ್ಷಕ್ಕೊಮ್ಮೆ ಹೆಚ್ಚಿ ಕಡಿಮೆಯಾಗುತ್ತವೆ. ಅವರು ಅಳೆಯುತ್ತಿದ್ದುದು ಸೂರ್ಯ ಶಾಂತವಾಗುತ್ತಿದ್ದ ವರ್ಷಗಳಲ್ಲಿ. ಸೂರ್ಯ ಉಗ್ರವಾಗಿದ್ದರೆ ಅಯಾನುಗಳ ಪದರ ದಟ್ಟವಾಗಿ, ದೂರದ ನಿಲಯಗಳ ಅಲೆಗಳನ್ನು ಹಿಂದಕ್ಕೆ ಹೊಡೆದು ತರುತ್ತಿತ್ತು, ಹೊರಗಿನಿಂದ ಬರುವ ಅಲೆಗಳನ್ನು ತಡೆಯುತ್ತಿತ್ತು. ಆಗ ಆ ಸಣ್ಣ ಹಿಸ್ ಕೇಳುವುದು ಕಷ್ಟವಾಗುತ್ತಿತ್ತು.

1933ರ ಏಪ್ರಿಲ್‌ನಲ್ಲಿ ಅವರು ಇದನ್ನು ವಿಜ್ಞಾನಿಗಳ ಸಭೆಯಲ್ಲಿ ತಿಳಿಸಿದರು. ಮೇ 5ರಂದು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಸುದ್ದಿಯನ್ನು ಮುಖಪುಟದಲ್ಲೇ ಅಚ್ಚು ಹಾಕಿತು. ಅದೇ ತಿಂಗಳು ರೇಡಿಯೊ ನಿಲಯವೊಂದು ಆ ಹಿಸ್ ಸದ್ದನ್ನು ಕೆಲವು ಸೆಕೆಂಡು ಪ್ರಸಾರ ಮಾಡಿ ಜನರಿಗೆ ಕೇಳಿಸಿತು. ಸುಮಾರು 26 ಸಾವಿರ ವರ್ಷಗಳ ಹಿಂದೆ ಹೊರಟ ಅಲೆಗಳೂ ಅದರಲ್ಲಿ ಇದ್ದವು. ಆಕಾಶಗಂಗೆಯ ಕೇಂದ್ರ ಅಷ್ಟು ಜ್ಯೋತಿರ್ವರ್ಷ ದೂರ ಇದೆ.

ಇಷ್ಟಾದರೂ ಜಾನ್‌ಸ್ಕಿ ಈ ದಾರಿಯಲ್ಲಿ ಬಹಳ ದೂರ ಹೋಗಲಾಗಲಿಲ್ಲ. ಪ್ರಯೋಗಾಲಯಕ್ಕೆ ಬೇಕಾಗಿದ್ದ ಉತ್ತರ ಸಿಕ್ಕಿತ್ತು. ಅವರಿಗೆ ಬೇರೆ ಕೆಲಸಗಳನ್ನು ವಹಿಸಲಾಯಿತು. ಆಗಿನ ಖಗೋಳ ವಿಜ್ಞಾನಿಗಳಿಗೆ ರೇಡಿಯೊ ಗೊತ್ತಿರಲಿಲ್ಲ, ರೇಡಿಯೊ ತಂತ್ರಜ್ಞರಿಗೆ ಆಕಾಶ ಗೊತ್ತಿರಲಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅವರು ಜಲಾಂತರ್ಗಾಮಿಗಳ ರೇಡಿಯೊ ಸಂಕೇತಗಳ ದಿಕ್ಕು ಪತ್ತೆ ಮಾಡುವ ಉಪಕರಣಗಳ ಮೇಲೆ ಕೆಲಸ ಮಾಡಿದರು.

ಅವರ ಕೆಲಸವನ್ನು ಮುಂದಕ್ಕೆ ಒಯ್ದದ್ದು ಒಬ್ಬ ಹವ್ಯಾಸಿ. ಗ್ರೋಟ್ ರೆಬರ್ ಎಂಬ ಈ ತರುಣ ಹ್ಯಾಮ್ ರೇಡಿಯೊ ಪ್ರೇಮಿ. 1937ರಲ್ಲಿ ಅವರು ಸ್ವಂತ ಹಣದಿಂದ ಇಲಿನಾಯ್‌ನ ವೀಟನ್ ಊರಿನ ಮನೆಯ ಹಿತ್ತಲಲ್ಲಿ 9 ಮೀಟರಿಗೂ ಅಗಲದ ಬಟ್ಟಲಿನಾಕಾರದ ಆಂಟೆನಾ ಕಟ್ಟಿದರು. ಮೊದಲ ಎರಡು ಆವರ್ತಾಂಕಗಳಲ್ಲಿ ಏನೂ ಕೇಳಲಿಲ್ಲ. ಮೂರನೆಯದಾದ 160 ಮೆಗಾಹರ್ಟ್ಸ್‌ನಲ್ಲಿ ಆಕಾಶಗಂಗೆ ಸಿಕ್ಕಿತು. ಹಗಲಿನಲ್ಲಿ ರಸ್ತೆಯ ಕಾರುಗಳ ಎಂಜಿನ್ ಕಿಡಿಗಳು ಗದ್ದಲ ಎಬ್ಬಿಸುತ್ತಿದ್ದವು. ಅದಕ್ಕೇ ರೆಬರ್ ಊರೆಲ್ಲ ಮಲಗಿದ ಮೇಲೆ ಅಳತೆಗೆ ಕೂರುತ್ತಿದ್ದರು.

ಜಾನ್‌ಸ್ಕಿ 1950ರ ಫೆಬ್ರವರಿ 14ರಂದು ತೀರಿಕೊಂಡರು. ಆಗ ಅವರ ವಯಸ್ಸು ಬರೀ 44. ರೇಡಿಯೊ ಖಗೋಳ ವಿಜ್ಞಾನ ಆಗಿನ್ನೂ ಅಂಬೆಗಾಲಿಡುತ್ತಿತ್ತು. ದೊಡ್ಡ ಪ್ರಶಸ್ತಿ ಯಾವುದೂ ಅವರಿಗೆ ಸಿಗಲಿಲ್ಲ. ಅದೇ ಹೋಮ್‌ಡೆಲ್‌ನಲ್ಲಿ, ಅದೇ ಸಂಸ್ಥೆಯ ಪೆಂಜಿಯಾಸ್ ಮತ್ತು ವಿಲ್ಸನ್ 1964ರಲ್ಲಿ ಇನ್ನೊಂದು ಆಂಟೆನಾದಲ್ಲಿ ಬಿಡದೆ ಕೇಳುವ ಗದ್ದಲವನ್ನು ಬೆನ್ನಟ್ಟಿ, ವಿಶ್ವದ ಆರಂಭದಿಂದ ಉಳಿದ ಅಲೆಗಳನ್ನು ಕಂಡರು. ಅವರಿಗೆ 1978ರಲ್ಲಿ ನೊಬೆಲ್ ಬಂತು.

ಆದರೂ ಜಾನ್‌ಸ್ಕಿ ಹೆಸರು ಅಳಿದಿಲ್ಲ. ಆಕಾಶದಿಂದ ಬರುವ ರೇಡಿಯೊ ಅಲೆಗಳ ಪ್ರಬಲತೆಯನ್ನು ಅಳೆಯುವ ಏಕಮಾನಕ್ಕೆ 1973ರಿಂದ ಜಾನ್‌ಸ್ಕಿ ಎಂದೇ ಹೆಸರು. ಒಂದು ಜಾನ್‌ಸ್ಕಿ ಅಂದರೆ ಒಂದು ಚದರ ಮೀಟರಿಗೆ, ಒಂದು ಹರ್ಟ್ಸ್‌ಗೆ ಎಷ್ಟು ವಾಟ್ ಗೊತ್ತೇ? ದಶಮಾಂಶ ಬಿಂದುವಿನ ನಂತರ 25 ಸೊನ್ನೆ ಬರೆದು ಆಮೇಲೆ 1 ಬರೆಯಿರಿ. ಅಷ್ಟು! ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ 27 ದೊಡ್ಡ ಆಂಟೆನಾಗಳ ಸಾಲಿಗೂ 2012ರಲ್ಲಿ ಅವರ ಹೆಸರಿಟ್ಟರು.

ಬಟ್ಟಲಿನಾಕಾರವಿಲ್ಲದೆ ಜಾನ್‌ಸ್ಕಿಯವರದರಂತೆ ತೆರೆದ ಬಯಲಲ್ಲಿ ಹರಡಿದ ರೇಡಿಯೊ ದೂರದರ್ಶಕವನ್ನು ನೋಡಲು ಅಮೆರಿಕಕ್ಕೇ ಹೋಗಬೇಕಿಲ್ಲ. ಚಿಕ್ಕಬಳ್ಳಾಪುರ ಜಿಲ್ಲೆಯ ಗೌರಿಬಿದನೂರಿನ ಬಳಿ 1970ರ ದಶಕದಲ್ಲಿ ಬೆಂಗಳೂರಿನ ವಿಜ್ಞಾನಿಗಳು ಸಾವಿರ ಆಂಟೆನಾಗಳನ್ನು ಇಂಗ್ಲಿಷಿನ ಟಿ ಅಕ್ಷರದ ಆಕಾರದಲ್ಲಿ ಜೋಡಿಸಿದರು. ಅದರ ಆವರ್ತಾಂಕ 34.5 ಮೆಗಾಹರ್ಟ್ಸ್, ಪೂರ್ವ ಪಶ್ಚಿಮದ ತೋಳಿನ ಉದ್ದ ಸುಮಾರು 1.4 ಕಿಲೋಮೀಟರ್. ಇಂಥ ಕೇಂದ್ರಗಳನ್ನು ನಗರದ ಗದ್ದಲದಿಂದ ದೂರ ಕಟ್ಟುತ್ತಾರೆ. ಅಲ್ಲಿಯ ಆಕಾಶದ ಮೇಲೂ ಆಕಾಶಗಂಗೆ ದಿನಕ್ಕೆ ನಾಲ್ಕು ನಿಮಿಷ ಮುಂಚೆ ಹಾದುಹೋಗುತ್ತದೆ.