ಪರದೆ ಹಳತಾದಾಗ ಕಾರಂತರು ಏನು ಮಾಡಿದರು?

ಕೋಟ ಶಿವರಾಮ ಕಾರಂತರು ಅಂದ ಕೂಡಲೇ ನಮಗೆ ನೆನಪಾಗೋದು ಬಿಳಿ ಕೂದಲು, ಜ್ಞಾನಪೀಠ, ಯಕ್ಷಗಾನ. ಆದರೆ ಮೂವತ್ತು ತುಂಬೋ ಮೊದಲೇ ಅವರು ಎರಡು ಸಿನಿಮಾ ಮಾಡಿದ್ದರು ಅನ್ನೋದು ನಮ್ಮಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ. ಹೊಸ ಪರದೆ ಬಂದರೆ ಹಳೆಯದು ಗುಜರಿಗೆ ಹೋಗಬೇಕಾ ಅನ್ನೋ ಪ್ರಶ್ನೆ ಈಗ ನಮ್ಮ ಹಾಸ್ಟೆಲ್‌ಗಳಲ್ಲಿ ಲ್ಯಾಪ್‌ಟಾಪ್ ಬಗ್ಗೆ ಕೇಳಿಬರ್ತಿದೆ. ಕಾರಂತರ ಬದುಕಿನಲ್ಲಿ ಅದೇ ಪ್ರಶ್ನೆ ಸಿನಿಮಾ ಪರದೆಯ ರೂಪದಲ್ಲಿ ಬಂದಿತ್ತು.

ಉದ್ಯಾವರದಿಂದ ಹೈವೇ ಹಿಡಿದು ಉಡುಪಿ, ಬ್ರಹ್ಮಾವರ, ಸಾಲಿಗ್ರಾಮ ದಾಟಿದರೆ ಕೋಟ. ಅಲ್ಲಿ 1902ರ ಅಕ್ಟೋಬರ್ 10ರಂದು ಕಾರಂತರು ಹುಟ್ಟಿದರು. ಮಂಗಳೂರಿನಲ್ಲಿ ಕಾಲೇಜು ಓದ್ತಾ ಇದ್ದಾಗ ಗಾಂಧೀಜಿಯವರ ಅಸಹಕಾರ ಚಳವಳಿಯ ಕರೆ ಬಂತು. ಓದು ಬಿಟ್ಟು ಹೊರಟರು. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಡ್ರಾಪ್‌ಔಟ್! ಆಮೇಲೆ ಖಾದಿ ಪ್ರಚಾರ, ಪತ್ರಿಕೆ, ನಾಟಕ ಅಂತ ಒಂದರ ಹಿಂದೆ ಒಂದು ಕೆಲಸ ಹಿಡಿದರು. ಪುತ್ತೂರಲ್ಲಿ ನೆಲೆಸಿ, ಮುಂದೆ ಬಾಲವನದಲ್ಲಿ ಮಕ್ಕಳ ಶಿಕ್ಷಣದ ಪ್ರಯೋಗಗಳನ್ನೂ ನಡೆಸಿದರು.

ಸುಮಾರು 1930ರ ಹೊತ್ತಿಗೆ ಅವರು ಸಿನಿಮಾಕ್ಕೆ ಕೈ ಹಾಕಿದರು. ‘ಡೊಮಿಂಗೊ’, ‘ಭೂತರಾಜ್ಯ’ ಎರಡೂ ಮೂಕಿ ಚಿತ್ರಗಳು. ಆದರೆ ಟೈಮಿಂಗ್ ನೋಡಿ. 1931ರ ಮಾರ್ಚ್ 14ಕ್ಕೆ ಮುಂಬೈಯಲ್ಲಿ ‘ಆಲಂ ಆರಾ’ ಬಿಡುಗಡೆಯಾಗಿ ಭಾರತದ ಪರದೆ ಮಾತಾಡೋಕೆ ಶುರು ಮಾಡಿತು. 1934ರಲ್ಲಿ ‘ಸತಿ ಸುಲೋಚನ’ದ ಜೊತೆ ಕನ್ನಡವೂ ಮಾತಾಡಿತು. ಮೂಕಿಯ ಕಾಲ ಮುಗೀತು.

ಇಲ್ಲಿ ನಾವು ಎಂಜಿನಿಯರಿಂಗ್ ಕಣ್ಣಿಂದ ಸ್ವಲ್ಪ ನೋಡೋಣ. ಮೂಕಿ ಕ್ಯಾಮೆರಾಗಳನ್ನ ಹೆಚ್ಚಾಗಿ ಕೈಯಲ್ಲೇ ತಿರುಗಿಸ್ತಿದ್ದರು. ಸೆಕೆಂಡಿಗೆ ಇಷ್ಟೇ ಫ್ರೇಮ್ ಅಂತ ಗಟ್ಟಿ ಲೆಕ್ಕ ಇರಲಿಲ್ಲ. ಧ್ವನಿ ಬಂದ ಮೇಲೆ ವೇಗ ಏರಿಳಿತ ಆದರೆ ಮಾತೇ ಎಳೆದ ಹಾಗೆ ಕೇಳುತ್ತೆ, ಅದಕ್ಕೆ 24 ಫ್ರೇಮ್ ಅಂತ ನಿಗದಿಯಾಯಿತು. ಧ್ವನಿಯನ್ನ ಫಿಲ್ಮಿನ ಅಂಚಲ್ಲೇ ಒಂದು ಪಟ್ಟಿಯಾಗಿ ಅಚ್ಚು ಹಾಕೋ ಪದ್ಧತಿ ಬಂತು. ಅದನ್ನ ಓದೋಕೆ ಬೆಳಕು, ಫೋಟೋಸೆಲ್, ಆಂಪ್ಲಿಫೈಯರ್, ಸ್ಪೀಕರ್ ಎಲ್ಲಾ ಬೇಕು. ಹಳೆ ಪ್ರೊಜೆಕ್ಟರಿನಲ್ಲಿ ಇದ್ಯಾವುದೂ ಇಲ್ಲ. ಅಂದ್ರೆ ಹಳತು ಕಮ್ಮಿ ಚೆಂದ ಅನ್ನೋದು ವಿಷಯ ಅಲ್ಲ. ಹೊಸ ಸಿನಿಮಾದ ಮಾತನ್ನ ಕೇಳಿಸೋಕೇ ಅದಕ್ಕೆ ಆಗ್ತಾ ಇರಲಿಲ್ಲ. ನಿಜವಾಗಿ ಬಳಕೆ ತಪ್ಪೋದು ಅಂದ್ರೆ ಇದು.

ಕಾರಂತರು ಅಲ್ಲಿಗೆ ಕೂರಲಿಲ್ಲ. 1933ರಲ್ಲಿ ‘ಚೋಮನ ದುಡಿ’ ಬರೆದರು. ತನ್ನದೇ ಒಂದು ತುಂಡು ಗದ್ದೆ ಬೇಸಾಯ ಮಾಡಬೇಕು ಅನ್ನೋ ಆಸೆಯಲ್ಲೇ ಸವೆದುಹೋದ ದಲಿತ ಜೀತದಾಳಿನ ಕತೆ ಅದು. 1936ರಲ್ಲಿ ಮಕ್ಕಳಿಗಾಗಿ ‘ಬಾಲ ಪ್ರಪಂಚ’ ಅನ್ನೋ ಮೂರು ಸಂಪುಟದ ವಿಶ್ವಕೋಶ, ಮುಂದೆ ದೊಡ್ಡವರಿಗೆ ನಾಲ್ಕು ಸಂಪುಟದ ‘ವಿಜ್ಞಾನ ಪ್ರಪಂಚ’. ಅದೂ ಗೂಗಲ್ ಇಲ್ಲದ ಕಾಲದಲ್ಲಿ!

ಜೊತೆಗೆ ಎಲ್ಲರೂ ಹಳತು ಅಂತಿದ್ದ ಯಕ್ಷಗಾನಕ್ಕೆ ಮರಳಿದರು. ದೊಂದಿ ಬೆಳಕಿನಿಂದ ಗ್ಯಾಸ್‌ಲೈಟಿಗೆ, ಅಲ್ಲಿಂದ ಕರೆಂಟಿಗೆ ಬಂದ ಆಟ ಅದು. ಬೆಳಕು ಬದಲಾಯಿತು, ಆಟ ನಿಲ್ಲಲಿಲ್ಲ. ಕಾರಂತರು ಊರೂರು ಸುತ್ತಿ ಹಳೆಯ ವೇಷ, ರಾಗ, ಪ್ರಸಂಗಗಳನ್ನ ಅಭ್ಯಾಸ ಮಾಡಿ ‘ಯಕ್ಷಗಾನ ಬಯಲಾಟ’ ಬರೆದರು. ಅದಕ್ಕೆ 1959ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಿಕ್ಕಿತು. ಹಾಗಂತ ಹಳತನ್ನ ಗಾಜಿನ ಪೆಟ್ಟಿಗೆಯಲ್ಲಿ ಇಡಲಿಲ್ಲ. ರಾತ್ರಿಯಿಡೀ ನಡೆಯೋ ಆಟವನ್ನ ಕೆಲವು ಗಂಟೆಗಳಿಗೆ ಇಳಿಸಿ, ವಯೊಲಿನ್, ಸ್ಯಾಕ್ಸೊಫೋನ್ ಸೇರಿಸಿ, ಮಾತನ್ನೇ ತೆಗೆದು ಯಕ್ಷಗಾನ ಬ್ಯಾಲೆ ಕಟ್ಟಿದರು. ಕನ್ನಡ ಬಾರದ ಊರುಗಳಲ್ಲೂ ಅದು ನಡೆಯಿತು. ಮಾತಿಲ್ಲದ ಸಿನಿಮಾ ಹಳತಾಯಿತು, ಮಾತಿಲ್ಲದ ಕುಣಿತ ಹಳತಾಗಲಿಲ್ಲ.

ಚೋಮನ ಕತೆಗೂ ಪರದೆ ಸಿಕ್ಕಿತು, 42 ವರ್ಷ ತಡವಾಗಿ. 1975ರಲ್ಲಿ ಬಿ.ವಿ. ಕಾರಂತರು ಅದನ್ನ ಸಿನಿಮಾ ಮಾಡಿದರು. ಅದೇ ವರ್ಷ ದೊಡ್ಡ ಥಿಯೇಟರುಗಳಲ್ಲಿ ‘ಶೋಲೆ’ 70 ಎಂಎಂ ಬಣ್ಣದ ಪರದೆಯಲ್ಲಿ ಓಡ್ತಾ ಇತ್ತು. ‘ಚೋಮನ ದುಡಿ’ ಕಪ್ಪು ಬಿಳುಪು. ಆದರೂ ಆ ವರ್ಷದ ಅತ್ಯುತ್ತಮ ಚಿತ್ರ ಅಂತ ರಾಷ್ಟ್ರಪತಿಗಳ ಸ್ವರ್ಣ ಕಮಲ ಬಂದದ್ದು ಅದಕ್ಕೇ. ಬಣ್ಣ ಇಲ್ಲ ಅಂತ ಕತೆ ನಿಲ್ಲಲಿಲ್ಲ.

ಈಗ ನಮ್ಮ ವಿಷಯಕ್ಕೆ ಬರೋಣ. 1366×768 ಪರದೆಯಲ್ಲಿ ಸುಮಾರು 10.5 ಲಕ್ಷ ಪಿಕ್ಸೆಲ್, 1920×1080ರಲ್ಲಿ ಸುಮಾರು 20.7 ಲಕ್ಷ. ವ್ಯತ್ಯಾಸ ಸುಳ್ಳಲ್ಲ. ಸಣ್ಣ ಅಕ್ಷರದಲ್ಲಿ ಕನ್ನಡದ ಒತ್ತಕ್ಷರ ಕಲಸಿದ ಹಾಗೆ ಕಾಣುತ್ತೆ, ಕ್ಯಾಡ್ ತೆರೆದರೆ ಟೂಲ್‌ಬಾರ್‌ಗಳೇ ಅರ್ಧ ಜಾಗ ತಿಂತಾವೆ. ಆದರೆ ಅದೇ ಸಿ ಪ್ರೋಗ್ರಾಂ, ಅದೇ ಪಿಡಿಎಫ್ ಎರಡರಲ್ಲೂ ತೆರೆಯುತ್ತೆ. ತೀರಾ ಕಷ್ಟ ಆದರೆ ಎಚ್‌ಡಿಎಂಐ ಕೇಬಲ್ ಹಾಕಿ ಬೇರೆ ಮಾನಿಟರ್‌ಗೆ ಜೋಡಿಸಬಹುದು. ಇದು ಮೂಕಿ ಪ್ರೊಜೆಕ್ಟರಿನ ಕೇಸ್ ಅಲ್ಲ, ಕಪ್ಪು ಬಿಳುಪಿನ ಕೇಸ್. ರ‍್ಯಾಮ್ ಸಾಲದೆ ಸಾಫ್ಟ್‌ವೇರೇ ಓಡದಿದ್ದರೆ, ಸೆಕ್ಯುರಿಟಿ ಅಪ್‌ಡೇಟ್ ನಿಂತುಹೋದರೆ ಆಗ ಯೋಚಿಸಬೇಕು. ಅದೂ ಮೊದಲು ರ‍್ಯಾಮ್ ಹೆಚ್ಚಿಸಿ, ಲಿನಕ್ಸ್ ಹಾಕಿ ನೋಡಿದ ಮೇಲೆ.

ಅಕ್ಕನೋ ಅಣ್ಣನೋ ಬಳಸಿದ ಲ್ಯಾಪ್‌ಟಾಪ್ ತಂದವರು ನಮ್ಮಲ್ಲಿ ತುಂಬಾ ಜನ ಇದ್ದೇವೆ. ಫೀಸೇ ಸಾಲ ಮಾಡಿ ಕಟ್ಟಿದ ಮನೆಗೆ ಹೊಸ ಪರದೆಗಾಗಿ ಇನ್ನೊಂದು ಇಎಂಐ ಸಣ್ಣ ವಿಷಯ ಅಲ್ಲ. ಅಂಥವರು ಲ್ಯಾಬಲ್ಲಿ ತಮ್ಮ ಲ್ಯಾಪ್‌ಟಾಪ್ ತೆರೆಯೋಕೆ ನಾಚಿಕೊಳ್ಳೋ ಅಗತ್ಯ ಇಲ್ಲ ಅನ್ನೋದಷ್ಟೇ ನಮ್ಮ ಮಾತು.

ಕಾರಂತರು 1997ರ ಡಿಸೆಂಬರ್ 9ರಂದು ಮಣಿಪಾಲದಲ್ಲಿ ತೀರಿಕೊಂಡರು. ತೊಂಬತ್ತೈದು ವರ್ಷದ ಬದುಕಿನಲ್ಲಿ ಕ್ಯಾಮೆರಾ, ಪೆನ್ನು, ಗೆಜ್ಜೆ, ಯಾವುದು ಕೈಗೆ ಸಿಕ್ಕಿತೋ ಅದರಲ್ಲಿ ಕೆಲಸ ಮಾಡಿದರು. ಅವರ ಆ ಎರಡು ಮೂಕಿ ಚಿತ್ರಗಳನ್ನ ನಾವು ನೋಡಿಲ್ಲ. ಚೋಮನನ್ನ ಮಾತ್ರ ಈಗಲೂ ಓದ್ತಾ ಇದ್ದೇವೆ, ಕೆಲವರು ಹಳೆ ಲ್ಯಾಪ್‌ಟಾಪಿನಲ್ಲೇ.