ಐದು ಗಂಟೆಯ ಆಕಾಶ: ಒಟ್ಟೊ ಲಿಲಿಯೆಂಟಾಲ್



ಬೇಸಿಗೆ ರಜೆ ಬಂತೆಂದರೆ ನಾವೆಲ್ಲ ಪೆಟ್ಟಿಗೆ ಕಟ್ಟಿ, ತೂಕ ನೋಡಿ, ಊರಿಗೆ ಹೊರಡುತ್ತೇವೆ. ಈ ಕೊಲ್ಲಿ ನಾಡಿನಿಂದ ಮಂಗಳೂರಿಗೋ ಬೆಂಗಳೂರಿಗೋ ಸುಮಾರು ನಾಲ್ಕು ಗಂಟೆಯ ಹಾರಾಟ. ಅಷ್ಟರಲ್ಲಿ ಒಂದು ಊಟ, ಒಂದು ಸಿನಿಮಾ, ಒಂದು ಸಣ್ಣ ನಿದ್ದೆ ಮುಗಿದಿರುತ್ತದೆ. ಕಿಟಕಿಯ ಪಕ್ಕದ ಸೀಟಿಗಾಗಿ ಅಣ್ಣ ತಂಗಿಯರ ಜಗಳವೂ ಮುಗಿದಿರುತ್ತದೆ. ಆದರೆ ರೆಕ್ಕೆ ಕಟ್ಟಿಕೊಂಡು ಹಾರುವುದನ್ನು ಲೋಕಕ್ಕೆ ತೋರಿಸಿಕೊಟ್ಟ ಒಬ್ಬ ಮಹನೀಯರು ತಮ್ಮ ಇಡೀ ಜೀವನದಲ್ಲಿ ಗಾಳಿಯಲ್ಲಿ ಕಳೆದದ್ದು ಒಟ್ಟು ಸುಮಾರು 5 ಗಂಟೆ ಮಾತ್ರ ಎಂದರೆ ನೀವು ನಂಬುವಿರಾ?

ಆ 5 ಗಂಟೆ ಅವರಿಗೆ ಒಮ್ಮೆಲೇ ಸಿಗಲಿಲ್ಲ. ಸುಮಾರು 2,000 ಸಲ ಗುಡ್ಡ ಹತ್ತಿ, ಅಷ್ಟೇ ಸಲ ಕೆಳಗೆ ತೇಲಿ, ಕೆಲವೇ ಸೆಕೆಂಡುಗಳಂತೆ ಅದನ್ನು ಕೂಡಿಟ್ಟರು. ಹನಿ ಹನಿ ಸೇರಿದರೆ ಹಳ್ಳ ಎಂಬ ಗಾದೆಯನ್ನು ನಾವು ತರಗತಿಯಲ್ಲಿ ಎಷ್ಟೋ ಸಲ ಹೇಳಿಕೊಡುತ್ತೇವೆ. ಆ ಗಾದೆಯನ್ನು ಬದುಕಿ ತೋರಿಸಿದವರ ಹೆಸರು ಒಟ್ಟೊ ಲಿಲಿಯೆಂಟಾಲ್. ಬನ್ನಿ, ಅವರ ಕಥೆಯನ್ನು ತಿಳಿಯೋಣ.

ಒಟ್ಟೊ ಹುಟ್ಟಿದ್ದು 1848ರ ಮೇ 23ರಂದು, ಇಂದಿನ ಜರ್ಮನಿಯ ಈಶಾನ್ಯ ಭಾಗದಲ್ಲಿರುವ ಆಂಕ್ಲಾಮ್ ಎಂಬ ಪುಟ್ಟ ಪಟ್ಟಣದಲ್ಲಿ. ಅವರಿಗಿಂತ ಒಂದು ವರ್ಷ ಚಿಕ್ಕವನಾದ ತಮ್ಮ ಗುಸ್ಟಾವ್ ಕೊನೆಯವರೆಗೂ ಅವರ ಜೊತೆಗಾರ. ಒಟ್ಟೊಗೆ ಇನ್ನೂ ಹದಿಮೂರು ತುಂಬುವ ಹೊತ್ತಿನಲ್ಲೇ, 1861ರಲ್ಲಿ, ತಂದೆ ತೀರಿಕೊಂಡರು. ತಾಯಿ ಕರೊಲಿನಾ ಮಕ್ಕಳನ್ನು ಒಬ್ಬರೇ ಸಾಕಿ, ಓದಿಸಿದರು. ರೆಕ್ಕೆಯ ಹುಚ್ಚು ಹಿಡಿದ ಮಕ್ಕಳನ್ನು ಅವರು ಗದರಿಸಿ ಕೂರಿಸಲಿಲ್ಲ ಎಂಬುದನ್ನು ಪೋಷಕರು ಗಮನಿಸಬೇಕು.

ನಮ್ಮ ಮಂಡ್ಯ ಜಿಲ್ಲೆಯ ಕೊಕ್ಕರೆ ಬೆಳ್ಳೂರನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಅಲ್ಲಿ ಊರಿನ ಮರಗಳ ಮೇಲೆಲ್ಲ ಕೊಕ್ಕರೆಗಳು ಗೂಡು ಕಟ್ಟುತ್ತವೆ. ಆಂಕ್ಲಾಮಿನ ಸುತ್ತಲಿನ ಹುಲ್ಲುಗಾವಲಿಗೂ ಬಿಳಿ ಕೊಕ್ಕರೆಗಳು ಬರುತ್ತಿದ್ದವು. ಅಣ್ಣತಮ್ಮಂದಿರು ಅವುಗಳನ್ನು ಗಂಟೆಗಟ್ಟಲೆ ನೋಡುತ್ತಿದ್ದರು. ಅಷ್ಟು ದೊಡ್ಡ ಹಕ್ಕಿ ರೆಕ್ಕೆ ಬಡಿಯದೆ ಹೇಗೆ ತೇಲುತ್ತದೆ? ಗಾಳಿಗೆ ಎದುರಾಗಿ ಓಡಿಯೇ ಏಕೆ ಮೇಲೇಳುತ್ತದೆ? ಇಬ್ಬರೂ ಸೇರಿ ತೆಳುವಾದ ಮರದ ಹಲಗೆಗಳಿಂದ ರೆಕ್ಕೆ ಮಾಡಿ, ತೋಳಿಗೆ ಕಟ್ಟಿಕೊಂಡು, ದಿಬ್ಬದಿಂದ ಕೆಳಗೆ ಓಡಿದರು. ಓಡಿದ್ದು ರಾತ್ರಿ ಹೊತ್ತು, ಸಹಪಾಠಿಗಳು ನೋಡಿದರೆ ನಗುತ್ತಾರೆಂಬ ಅಂಜಿಕೆಯಿಂದ. ಹಾರಲಂತೂ ಆಗಲಿಲ್ಲ. ಆದರೆ ಪ್ರಶ್ನೆ ಮನಸ್ಸಿನಲ್ಲಿ ಉಳಿಯಿತು.

ಮುಂದೆ ಒಟ್ಟೊ ಪಾಟ್ಸ್‌ಡ್ಯಾಮ್ ಮತ್ತು ಬರ್ಲಿನ್ ನಗರಗಳಲ್ಲಿ ಓದಿ ಯಂತ್ರಶಾಸ್ತ್ರದ ಇಂಜಿನಿಯರ್ ಆದರು. 1870-71ರ ಫ್ರಾನ್ಸ್ ಯುದ್ಧದಲ್ಲಿ ಸೈನಿಕರಾಗಿ ಹೋಗಿ ಬಂದರು. ಹಾರಾಟದ ಕನಸು ಕಂಡವರು ಅವರಿಗಿಂತ ಮೊದಲೂ ಇದ್ದರು. ಅವರಲ್ಲಿ ಬಹಳ ಮಂದಿ ರೆಕ್ಕೆ ಕಟ್ಟಿ ಎತ್ತರದಿಂದ ಜಿಗಿದು ಕೈಕಾಲು ಮುರಿದುಕೊಂಡವರು. ಒಟ್ಟೊ ಹಾಗೆ ಮಾಡಲಿಲ್ಲ. ಮೊದಲು ಅಳೆಯಲು ಕುಳಿತರು.

ಗಾಣದ ಸುತ್ತ ಎತ್ತು ತಿರುಗುವುದನ್ನು ನೀವು ಊರಿನಲ್ಲಿ ಅಥವಾ ಚಿತ್ರದಲ್ಲಿ ನೋಡಿರುತ್ತೀರಿ. ಅದೇ ರೀತಿ ಒಂದು ಕಂಬದ ಸುತ್ತ ಉದ್ದನೆಯ ತೋಳು ತಿರುಗುವ ಯಂತ್ರವನ್ನು ಅಣ್ಣತಮ್ಮಂದಿರು ಮಾಡಿದರು. ತೋಳಿನ ತುದಿಗೆ ಬೇರೆ ಬೇರೆ ಆಕಾರದ ರೆಕ್ಕೆಯ ತುಂಡು ಕಟ್ಟಿ ತಿರುಗಿಸಿ, ಗಾಳಿ ಅದನ್ನು ಎಷ್ಟು ಎತ್ತುತ್ತದೆ, ಎಷ್ಟು ಹಿಂದಕ್ಕೆ ತಳ್ಳುತ್ತದೆ ಎಂದು ಬರೆದುಕೊಂಡರು. ಚಪ್ಪಟೆ ಹಲಗೆಗಿಂತ, ಹಕ್ಕಿಯ ರೆಕ್ಕೆಯಂತೆ ಸ್ವಲ್ಪ ಬಾಗಿದ ಹಲಗೆ ಬಹಳ ಹೆಚ್ಚು ಎತ್ತುತ್ತದೆ ಎಂಬುದು ಈ ಲೆಕ್ಕಗಳಿಂದ ಸ್ಪಷ್ಟವಾಯಿತು. ಹೊಟ್ಟೆಪಾಡಿನ ದುಡಿಮೆಯ ನಡುವೆ, ಬಿಡುವಾದಾಗ ಮಾಡಿದ ಕೆಲಸ ಇದು. ಅದರ ಫಲವನ್ನು 1889ರಲ್ಲಿ, ಹಕ್ಕಿಯ ಹಾರಾಟವೇ ಹಾರುವ ಕಲೆಗೆ ಆಧಾರ ಎಂಬ ಅರ್ಥದ ಹೆಸರಿನ ಪುಸ್ತಕವಾಗಿ ಹೊರತಂದರು. ಆಗ ಅವರಿಗೆ 41 ವರ್ಷ. ಅಷ್ಟು ಹೊತ್ತಿಗೂ ಅವರು ಒಮ್ಮೆಯೂ ಹಾರಿರಲಿಲ್ಲ!

ಹಾಗೆಂದು ಒಟ್ಟೊ ಬರೀ ರೆಕ್ಕೆಯ ಧ್ಯಾನದಲ್ಲಿದ್ದ ಒಂಟಿ ಮನುಷ್ಯರಲ್ಲ. 1878ರಲ್ಲಿ ಆಗ್ನೆಸ್ ಅವರನ್ನು ಮದುವೆಯಾಗಿ ನಾಲ್ಕು ಮಕ್ಕಳ ತಂದೆಯಾದರು. ಬರ್ಲಿನ್ನಿನಲ್ಲಿ ಬಾಯ್ಲರ್ ಮತ್ತು ಉಗಿ ಯಂತ್ರಗಳ ಕಾರ್ಖಾನೆ ಕಟ್ಟಿ, ಲಾಭದ ನಾಲ್ಕನೆಯ ಒಂದು ಪಾಲನ್ನು ಕೆಲಸಗಾರರಿಗೆ ಹಂಚಿದರು. ನಾಟಕವೆಂದರೆ ಅವರಿಗೆ ಪ್ರಾಣ. ಒಂದು ನಾಟಕವನ್ನು ತಾವೇ ಬರೆದರು ಕೂಡ. ಪುಟ್ಟ ಮಕ್ಕಳು ಜೋಡಿಸಿ ಆಡುವ ಕಲ್ಲಿನ ಇಟ್ಟಿಗೆಗಳ ಆಟಿಕೆಯನ್ನು ರೂಪಿಸಿದವರೂ ಈ ಅಣ್ಣತಮ್ಮಂದಿರೇ.

1891ರಲ್ಲಿ ಒಟ್ಟೊ ಹಾರಲು ತೊಡಗಿದರು. ಮೊದಲ ಪಾಠ ಮನೆಯ ತೋಟದಲ್ಲಿ. ಒಂದು ಹಲಗೆಯ ಮೇಲೆ ಓಡಿ, ರೆಕ್ಕೆ ಹಿಡಿದು ಕೆಳಗೆ ಜಿಗಿಯುವುದು, ಅಷ್ಟೇ. ಅದು ಕೈವಶವಾದ ಮೇಲೆ ಹಲಗೆಯನ್ನು ಇನ್ನಷ್ಟು ಎತ್ತರಿಸಿದರು. ಆಮೇಲೆ ಪಾಟ್ಸ್‌ಡ್ಯಾಮ್ ಬಳಿಯ ಡೆರ್ವಿಟ್ಸ್ ಹಳ್ಳಿಯ ದಿಬ್ಬಕ್ಕೆ ಹೋದರು. ಅಲ್ಲಿ ಸಾಧಿಸಿದ ದೂರ ಸುಮಾರು 25 ಮೀಟರ್. 1893ರಲ್ಲಿ ರೀನೋ ಊರಿನ ಬೆಟ್ಟಗಳಲ್ಲಿ ಅದು 250 ಮೀಟರ್ ಮುಟ್ಟಿತು. ಎರಡು ವರ್ಷದಲ್ಲಿ ಹತ್ತು ಪಟ್ಟು! ಬರ್ಲಿನ್ ಬಳಿಯ ಲಿಶ್ಟರ್‌ಫೆಲ್ಡೆಯಲ್ಲಿ 1894ರಲ್ಲಿ ಅಭ್ಯಾಸಕ್ಕೆಂದೇ 15 ಮೀಟರ್ ಎತ್ತರದ ಗುಡ್ಡವನ್ನು ಕಟ್ಟಿಸಿದರು. ಗಾಳಿ ಯಾವ ದಿಕ್ಕಿನಿಂದ ಬಂದರೂ ಅದಕ್ಕೆ ಎದುರಾಗಿ ಓಡಬೇಕಲ್ಲ, ಅದಕ್ಕಾಗಿ ಸುತ್ತಲೂ ಇಳಿಜಾರಿರುವ ಗುಡ್ಡ.

ಅವರ ಗ್ಲೈಡರ್ ಹೇಗಿತ್ತು? ಬಾಗುವ ವಿಲೋ ಮರದ ಕಡ್ಡಿಗಳು, ಅವುಗಳ ಮೇಲೆ ಬಿಗಿಯಾಗಿ ಎಳೆದ ಹತ್ತಿ ಬಟ್ಟೆ. ತೂಕ ಸುಮಾರು 20 ಕಿಲೋ, ಅಂದರೆ ಊರಿಗೆ ಹೊರಟ ನಮ್ಮ ಒಂದು ಪೆಟ್ಟಿಗೆಯಷ್ಟು. ಇಂಜಿನ್ ಇಲ್ಲ, ತಿರುಗಿಸುವ ಚಕ್ರವಿಲ್ಲ. ಮೊಣಕೈಗಳ ಮೇಲೆ ಭಾರ ಹಾಕಿ ನೇತಾಡುತ್ತಾ, ಕಾಲುಗಳನ್ನು ಅತ್ತ ಇತ್ತ ಬೀಸಿ ಸಮತೋಲ ಕಾಯಬೇಕು. ಇದನ್ನು ಪುಸ್ತಕ ಓದಿ ಕಲಿಯಲಾಗದು. ಸೈಕಲ್ ಕಲಿತಂತೆ ದೇಹವೇ ಕಲಿಯಬೇಕು. ಹೀಗಾಗಿಯೇ ಅವರು ಲೆಕ್ಕವಿಲ್ಲದಷ್ಟು ಸಲ ಗುಡ್ಡ ಹತ್ತಿದ್ದು. ಅಲ್ಲ, ಲೆಕ್ಕವಿಟ್ಟೇ ಹತ್ತಿದ್ದು! ಯಾವ ರೆಕ್ಕೆ, ಎಂಥ ಗಾಳಿ, ಎಷ್ಟು ದೂರ, ಏನು ತಪ್ಪಾಯಿತು ಎಂಬುದನ್ನೆಲ್ಲ ಪತ್ರಿಕೆಗಳಲ್ಲಿ ಲೇಖನವಾಗಿ ಬರೆದರು. ಛಾಯಾಗ್ರಾಹಕರನ್ನು ಕರೆದು ಚಿತ್ರ ತೆಗೆಸಿದರು. ಮನುಷ್ಯ ರೆಕ್ಕೆಯ ಮೇಲೆ ತೇಲುತ್ತಿರುವ ಆ ಚಿತ್ರಗಳನ್ನು ನೋಡಿ ಲೋಕ ಬೆರಗಾಯಿತು. ರಷ್ಯಾ, ಅಮೆರಿಕ, ಬ್ರಿಟನ್‌ಗಳಿಂದ ವಿಜ್ಞಾನಿಗಳೂ ಆಸಕ್ತರೂ ಹುಡುಕಿಕೊಂಡು ಬಂದರು. ಅವರು ಯಾರಿಂದಲೂ ಏನನ್ನೂ ಮುಚ್ಚಿಡಲಿಲ್ಲ.

1896ರ ಆಗಸ್ಟ್ 9, ಭಾನುವಾರ. ಸ್ಟೋಲ್ನ್ ಹಳ್ಳಿಯ ಗೋಲನ್‌ಬರ್ಗ್ ಬೆಟ್ಟದಲ್ಲಿ ಒಟ್ಟೊ ಎಂದಿನಂತೆ ಹಾರುತ್ತಿದ್ದರು. ಬಿಸಿಲಿಗೆ ಕಾದ ನೆಲದಿಂದ ಮೇಲೆದ್ದ ಗಾಳಿಯ ಹೊಡೆತಕ್ಕೆ ಗ್ಲೈಡರಿನ ಮೂತಿ ಮೇಲೆದ್ದು, ವೇಗ ಸತ್ತು, ರೆಕ್ಕೆ ಎತ್ತುವ ಶಕ್ತಿಯನ್ನೇ ಕಳೆದುಕೊಂಡಿತು ಎಂದು ಇಂದಿನ ತಜ್ಞರು ವಿವರಿಸುತ್ತಾರೆ. ಒಟ್ಟೊ ಕಾಲುಗಳನ್ನು ಮುಂದಕ್ಕೆ ಬೀಸಿದರೂ ಸಾಲಲಿಲ್ಲ. ಸುಮಾರು 15 ಮೀಟರ್ ಎತ್ತರದಿಂದ ಬಿದ್ದು ಕತ್ತಿನ ಮೂಳೆಗೆ ಪೆಟ್ಟಾಯಿತು. ಅವರನ್ನು ಬರ್ಲಿನ್ನಿಗೆ ಕರೆತಂದರು. ಮರುದಿನ ಅಲ್ಲಿ ಕೊನೆಯುಸಿರೆಳೆದರು. ಆಗ ಅವರಿಗೆ 48 ವರ್ಷ.

ಇಲ್ಲಿ ನಾವು ಒಂದು ಮಾತನ್ನು ನೇರವಾಗಿ ಹೇಳಬೇಕು. ಈ ಸಾವನ್ನು ಸಾಹಸವೆಂದು ಹೊಗಳಿ ಮುಂದೆ ಹೋಗುವುದು ಸುಲಭ. ಆದರೆ ಹಿಂದೆ ನಾಲ್ಕು ಮಕ್ಕಳೂ ಹೆಂಡತಿಯೂ ಉಳಿದಿದ್ದರು. ಸುಮಾರು ಎರಡು ಸಾವಿರ ಸಲ ಹಾರಿದವರಿಗೂ ಆ ಸಲ ತಪ್ಪಿತು. ಕಾಲು ಬೀಸಿ ಸಮತೋಲ ಕಾಯುವ ವಿಧಾನಕ್ಕೆ ಒಂದು ಮಿತಿಯಿತ್ತು. ಆ ಮಿತಿಯನ್ನು ಅವರ ನಂತರ ಬಂದವರು ಅರಿತುಕೊಂಡರು.

ನಂತರ ಬಂದವರು ಯಾರು? ಅಮೆರಿಕದಲ್ಲಿ ಸೈಕಲ್ ಅಂಗಡಿ ನಡೆಸುತ್ತಿದ್ದ ಇನ್ನೊಂದು ಅಣ್ಣತಮ್ಮಂದಿರ ಜೋಡಿ, ವಿಲ್ಬರ್ ಮತ್ತು ಆರ್ವಿಲ್ ರೈಟ್. ಒಟ್ಟೊ ಅವರ ಸಾವಿನ ಸುದ್ದಿಯೇ ಹಾರಾಟದ ಬಗ್ಗೆ ಅವರ ಆಸಕ್ತಿಯನ್ನು ಮತ್ತೆ ಕೆರಳಿಸಿತು. ಒಟ್ಟೊ ಬರೆದಿಟ್ಟ ಕೋಷ್ಟಕಗಳನ್ನು ನಂಬಿಯೇ ಅವರು ತಮ್ಮ ಗ್ಲೈಡರುಗಳನ್ನು ಕಟ್ಟಿದರು. 1901ರ ಗ್ಲೈಡರ್ ಲೆಕ್ಕದಷ್ಟು ಎತ್ತಲಿಲ್ಲ. ಕೋಷ್ಟಕವೇ ತಪ್ಪಿರಬೇಕೆಂದು ಅನುಮಾನಿಸಿ, ಗಾಳಿಯ ಸುರಂಗವೊಂದನ್ನು ಮಾಡಿ, ಪುಟ್ಟ ಪುಟ್ಟ ರೆಕ್ಕೆಗಳನ್ನು ತಾವೇ ಅಳೆದು ನೋಡಿದರು. ಒಟ್ಟೊ ತಮ್ಮ ರೆಕ್ಕೆಗೆ ಕೊಟ್ಟ ಲೆಕ್ಕ ಬಹುಮಟ್ಟಿಗೆ ಸರಿಯೇ ಇತ್ತು! ತಪ್ಪಿದ್ದದ್ದು ಮುಖ್ಯವಾಗಿ 18ನೇ ಶತಮಾನದಿಂದ ಎಲ್ಲರೂ ಕಣ್ಣುಮುಚ್ಚಿ ಬಳಸುತ್ತಿದ್ದ ಇನ್ನೊಂದು ಸಂಖ್ಯೆ. ಒಟ್ಟೊ ಅಳತೆಗಳನ್ನು ಬಿಡಿಸಿ ಬರೆದಿಟ್ಟಿದ್ದರಿಂದಲೇ ಇನ್ನೊಬ್ಬರು ಅದನ್ನು ಪರೀಕ್ಷಿಸಲು ಸಾಧ್ಯವಾಯಿತು, ಅಲ್ಲವೇ? ಸಮತೋಲಕ್ಕೂ ರೈಟ್ ಸಹೋದರರು ಹೊಸ ದಾರಿ ಕಂಡುಕೊಂಡರು. ದೇಹವನ್ನು ಬೀಸುವ ಬದಲು ರೆಕ್ಕೆಯನ್ನೇ ತಿರುಚಿದರು. 1902ರಲ್ಲಿ ನೂರಾರು ಸಲ ಗ್ಲೈಡರಿನಲ್ಲಿ ಅಭ್ಯಾಸ ಮಾಡಿ, 1903ರ ಡಿಸೆಂಬರ್ 17ರಂದು ಇಂಜಿನ್ ವಿಮಾನವನ್ನು ಹಾರಿಸಿದರು. ಒಟ್ಟೊ ಐದು ವರ್ಷಗಳಲ್ಲಿ ಹಾರಿದ್ದು ಸುಮಾರು 5 ಗಂಟೆ ಎಂದು ಲೆಕ್ಕ ಹಾಕಿ ಹೇಳಿದವರೂ ಇದೇ ವಿಲ್ಬರ್ ರೈಟ್, 1901ರಲ್ಲಿ.

ಇಂದು ಗ್ಲೈಡರ್ ಕಲಿಯುವವರ ಬಳಿ ಲಾಗ್‌ಬುಕ್ ಎಂಬ ಪುಸ್ತಕವಿರುತ್ತದೆ. ದಿನಾಂಕ, ಗ್ಲೈಡರಿನ ಹೆಸರು, ಎಲ್ಲಿಂದ ಎಲ್ಲಿಗೆ, ವಿಮಾನ ಎಳೆದೊಯ್ದಿತೋ ನೆಲದ ಯಂತ್ರದ ಹಗ್ಗ ಎಳೆಯಿತೋ, ಎಷ್ಟು ನಿಮಿಷ, ಗುರುಗಳ ಜೊತೆಗೋ ಒಬ್ಬರೇಯೋ ಎಂಬುದನ್ನು ಪ್ರತಿ ಹಾರಾಟಕ್ಕೂ ಒಂದು ಸಾಲಿನಂತೆ ಬರೆಯಬೇಕು. ಹಣ ಪಡೆದು ಹಾರಿಸುವ ಕಮರ್ಷಿಯಲ್ ಗ್ಲೈಡರ್ ಪೈಲಟ್ ಆಗಲು ಅಮೆರಿಕದಲ್ಲಿ 18 ವರ್ಷ ತುಂಬಿರಬೇಕು. ಅನುಭವದ ನಿಯಮಗಳಲ್ಲಿ ಒಂದು ದಾರಿ ಹೀಗಿದೆ: ಗ್ಲೈಡರಿನಲ್ಲಿ ಕನಿಷ್ಠ 25 ಗಂಟೆ, ಅದರೊಳಗೆ ತಾವೇ ಮುಖ್ಯ ಪೈಲಟ್ ಆಗಿ ಕನಿಷ್ಠ 100 ಹಾರಾಟ. ಗಂಟೆಗಳ ಜೊತೆಗೆ ಹಾರಾಟಗಳನ್ನೂ ಏಕೆ ಎಣಿಸುತ್ತಾರೆ? ಗ್ಲೈಡರಿಗೆ ಇಂಜಿನ್ ಇಲ್ಲ. ಇಳಿಯುವಾಗ ತಪ್ಪಿದರೆ ಮತ್ತೆ ಮೇಲೇರಿ ಇನ್ನೊಮ್ಮೆ ಪ್ರಯತ್ನಿಸುವ ಅವಕಾಶವಿಲ್ಲ. ಪ್ರತಿ ಹಾರಾಟದಲ್ಲೂ ಒಂದೇ ಒಂದು ಇಳಿಕೆ, ಅದು ಸರಿಯಾಗಲೇಬೇಕು.

ಈಗ ಒಂದು ಸಣ್ಣ ಲೆಕ್ಕ ಮಾಡೋಣ. ಒಟ್ಟೊ ಅವರ ಹಾರಾಟಗಳು ಬೇಕಾದುದಕ್ಕಿಂತ 20 ಪಟ್ಟು ಹೆಚ್ಚು. ಆದರೆ ಗಂಟೆಗಳು ಬೇಕಾದುದರ ಐದನೆಯ ಒಂದು ಭಾಗ ಮಾತ್ರ. ಅಂದರೆ ಎಲ್ಲರಿಗೂ ಹಾರಲು ಕಲಿಸಿದ ಗುರುಗಳಿಗೆ ಇಂದು ಆ ಪ್ರಮಾಣಪತ್ರ ಸಿಗುತ್ತಿರಲಿಲ್ಲ! ಇಂದಿನವರಿಗೆ ಅಷ್ಟು ಗಂಟೆ ಹೇಗೆ ಸಿಗುತ್ತದೆ ಗೊತ್ತೇ? ಬಿಸಿಲಿಗೆ ಕಾದು ಮೇಲೇಳುವ ಗಾಳಿಯನ್ನು ಹುಡುಕಿ, ಹದ್ದಿನಂತೆ ಅದರೊಳಗೆ ಸುತ್ತುತ್ತಾ ಮೇಲೇರುತ್ತಾರೆ. ಒಟ್ಟೊ ಅವರನ್ನು ಕೆಡವಿದಂಥ ಗಾಳಿಯೇ ಇಂದು ಅವರ ಶಿಷ್ಯರ ಶಿಷ್ಯರನ್ನು ಗಂಟೆಗಟ್ಟಲೆ ಹೊತ್ತು ನಿಲ್ಲುತ್ತದೆ.

ವಿದ್ಯಾರ್ಥಿಗಳೇ, ನೀವು ಕಾಪಿ ಬರೆಯುವಾಗ, ಮಗ್ಗಿ ಹೇಳುವಾಗ, ಪ್ರಯೋಗದ ಪುಸ್ತಕ ತುಂಬುವಾಗ, ದಿನಕ್ಕೊಂದು ಪುಟದಿಂದ ಏನಾದೀತು ಎಂದು ನಮ್ಮನ್ನು ಕೇಳುತ್ತೀರಿ. ಒಟ್ಟೊ ಅವರ ಒಂದು ಹಾರಾಟ ಕೆಲವೇ ಸೆಕೆಂಡು. ನಮ್ಮಲ್ಲೂ ಕೆಲವರು ಪ್ರಯೋಗದ ಉತ್ತರ ಸರಿಬಾರದಾಗ ಪುಸ್ತಕ ನೋಡಿ ಸಂಖ್ಯೆ ತಿದ್ದುವುದುಂಟು. ದಯವಿಟ್ಟು ಹಾಗೆ ಮಾಡಬೇಡಿ. ಬಂದದ್ದನ್ನು ಬಂದ ಹಾಗೆಯೇ ಬರೆಯಿರಿ. ಪೋಷಕರೂ ಅಂಕಗಳ ಜೊತೆಗೆ ಮಗುವಿನ ಆ ಪುಸ್ತಕವನ್ನೊಮ್ಮೆ ತೆರೆದು ನೋಡಲಿ ಎಂಬುದು ನಮ್ಮ ಕೋರಿಕೆ.

ಮುಂದಿನ ರಜೆಯಲ್ಲಿ ವಿಮಾನ ರನ್‌ವೇ ಬಿಟ್ಟು ಮೇಲೇಳುವಾಗ ಕಿಟಕಿಯಿಂದ ರೆಕ್ಕೆಯನ್ನು ನೋಡಿ. ಅದರ ಬೆನ್ನು ಕೊಂಚ ಬಾಗಿರುವುದು ಕಾಣುತ್ತದೆ. ಆ ಬಾಗನ್ನು ಒಂದು ಕಾಲದಲ್ಲಿ ಇಬ್ಬರು ಅಣ್ಣತಮ್ಮಂದಿರು ಕೊಕ್ಕರೆ ನೋಡಿ ಕಲಿತು, ಅಳೆದು, ನಮಗಾಗಿ ಬರೆದಿಟ್ಟರು.